ರಾತ್ರಿ ಒಂದರವರೆಗೆ ರೀಲ್ಸ್: ಫೋನ್ ಕಿತ್ತುಕೊಳ್ಳಬೇಕಾ?

ಮಣಿಪಾಲದಲ್ಲಿ ಫಸ್ಟ್ ಪಿಯುಸಿ ಓದುವ ಮಗ ರಾತ್ರಿ ಒಂದರವರೆಗೆ ರೀಲ್ಸ್ ನೋಡ್ತಾನೆ, ಬೆಳಿಗ್ಗೆ ಎಬ್ಬಿಸಿದರೆ ಸಿಡಿಮಿಡಿ, ಫೋನ್ ಕಿತ್ತುಕೊಳ್ಳಲಾ ಅಂತ ಕೇಳಿದ್ದೀರಿ. ಪೂರ್ತಿ ಕಿತ್ತುಕೊಳ್ಳಬೇಡಿ ಮೇಡಂ. ಕಾಲೇಜಿನ ನೋಟ್ಸು, ಟ್ಯೂಷನ್ ಗ್ರೂಪು ಎಲ್ಲ ಅದರಲ್ಲೇ ಇರುತ್ತೆ, ಸುಮ್ನೆ ಜಗಳ ಆಗುತ್ತೆ.

ಮೊದಲು ನಿದ್ದೆ ಸರಿ ಮಾಡಿ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನೇ ರಾತ್ರಿ ತಡವಾಗಿ ಏರುತ್ತೆ. ಅದರ ಮೇಲೆ ಸ್ಕ್ರೀನಿನ ಬೆಳಕು, ಒಂದು ಮುಗಿಯೋದರೊಳಗೆ ಇನ್ನೊಂದು ರೀಲ್. ಆರು ಗಂಟೆಗೆ ಎಬ್ಬಿಸಿ ಬಸ್ಸಿಗೆ ಓಡಿಸಿದರೆ ಸಿಡುಕದೆ ಇನ್ನೇನು ಮಾಡ್ತಾನೆ? ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಚಾವಡಿಯಲ್ಲಿ ಚಾರ್ಜಿಗೆ ಹಾಕಿ. ನಿಮ್ಮದೂ, ಅವನಪ್ಪನದೂ. (ಅಪ್ಪಂದಿರದ್ದೇ ಕಷ್ಟ ಜಾಸ್ತಿ!) ಅಲಾರಂಗೆ ಬೇರೆ ಗಡಿಯಾರ ತನ್ನಿ, ಇಲ್ಲದಿದ್ದರೆ ಅದೇ ನೆಪ.

ಸಂಜೆ ಆಡಲು ಬಿಡಿ, ಮಣಿಪಾಲದ ಎಂಡ್ ಪಾಯಿಂಟ್ ಮೈದಾನ ಅಲ್ಲೇ ಇದೆ ಅಲ್ವಾ.

ಆದರೆ ಊಟ, ಗೆಳೆಯರು ಎಲ್ಲ ಬಿಟ್ಟು ಎರಡು ವಾರ ಮಂಕಾಗಿಯೇ ಇದ್ದರೆ ಅದು ಬರೀ ಫೋನಿನ ವಿಷಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.