ಓದುಗರ ಪ್ರಶ್ನೆ, ತಜ್ಞರ ಉತ್ತರ: ಡೆಂಗಿ ವರದಿ, ವಿಜ್ಞಾನಿಯ ಅಂಕ, ಕೂಲರಿನ ತಟ್ಟೆ

ಪ್ರಶ್ನೆ: ಕಾಲೇಜಿಗೆ ಬಂದಿದ್ದ ವೈರಾಣು ವಿಜ್ಞಾನಿಯನ್ನು ಪರಿಚಯಿಸುವಾಗ ‘ಇವರ ಎಚ್-ಇಂಡೆಕ್ಸ್ 40’ ಎಂದರು. ಹಾಗಂದರೇನು? ಜ್ವರದಿಂದ ಮಲಗಿದವರಿಗೆ ಅದರಿಂದ ಏನು ಉಪಯೋಗ?
– ಪದವಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಅವರು ಬರೆದ ಪ್ರಬಂಧಗಳ ಪೈಕಿ 40ನ್ನು ಬೇರೆ ಪ್ರಬಂಧಗಳಲ್ಲಿ ತಲಾ ಕನಿಷ್ಠ 40 ಸಲ ಉಲ್ಲೇಖಿಸಿದ್ದಾರೆ ಎಂದರ್ಥ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಸೂಚಿಸಿದ ಲೆಕ್ಕ ಇದು. ಒಂದೇ ಪ್ರಬಂಧ ಐದು ಸಾವಿರ ಸಲ ಉಲ್ಲೇಖವಾದರೂ ಇಲ್ಲಿ ಅದು ಒಂದೇ. ತಪ್ಪು ತೋರಿಸಲು ಉಲ್ಲೇಖಿಸಿದರೂ ಅಂಕ ಏರುತ್ತದೆ. ಕೊರೊನಾದಂತೆ ಜಗತ್ತೆಲ್ಲ ಬೆನ್ನುಹತ್ತಿದ ರೋಗದ ಸಂಶೋಧಕರಿಗೆ ಉಲ್ಲೇಖಗಳು ಬೇಗ ಸಿಗುತ್ತವೆ. ಮಂಗನ ಕಾಯಿಲೆಯಂಥ ಒಂದು ಸೀಮೆಯ ರೋಗಕ್ಕೆ ಆಯಸ್ಸು ಸವೆಸಿದವರಿಗೆ ಸಿಗುವುದಿಲ್ಲ. ಆದ್ದರಿಂದ ಅಂಕ ಕೇಳಿದ ಮೇಲೆ ಇನ್ನೊಂದು ಮಾತೂ ಕೇಳಿ: ಇವರ ಕೆಲಸದಿಂದ ಪರೀಕ್ಷೆ, ಚಿಕಿತ್ಸೆ, ಲಸಿಕೆಯಲ್ಲಿ ಏನು ಬದಲಾಯಿತು?

ಡೆಂಗಿಯನ್ನೇ ನೋಡಿ. ಥಾಯ್ಲೆಂಡಿನ ಮಕ್ಕಳಲ್ಲಿ ಈ ರೋಗ ಅಧ್ಯಯನ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್, ಮೊದಲ ಸಲಕ್ಕಿಂತ ಎರಡನೇ ಸಲ ಬಂದ ಡೆಂಗಿಯೇ ಹೆಚ್ಚು ತೀವ್ರವಾಗುವುದನ್ನು ಗುರುತಿಸಿದರು. ಈ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆಯ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯ (ರಕ್ಷಣಾ ಪ್ರೋಟೀನು) ಮತ್ತೊಂದು ಬಗೆಗೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ಕೊಲ್ಲಲಾರದು. ಬದಲಿಗೆ ರಕ್ತದ ರಕ್ಷಕ ಕೋಶಗಳೊಳಗೆ ವೈರಾಣು ನುಗ್ಗಲು ದಾರಿ ಮಾಡಿಕೊಡುತ್ತದೆ. ಡೆಂಗ್‌ವ್ಯಾಕ್ಸಿಯಾ ಲಸಿಕೆಯನ್ನು ಫಿಲಿಪ್ಪೀನ್ಸ್ 2016ರಲ್ಲಿ ಶಾಲಾ ಮಕ್ಕಳಿಗೆ ಕೊಡತೊಡಗಿದಾಗ ಹಾಲ್‌ಸ್ಟೆಡ್ ಇದೇ ಕಾರಣಕ್ಕೆ ಎಚ್ಚರಿಸಿದ್ದರು. 2017ರ ನವೆಂಬರಿನಲ್ಲಿ ತಯಾರಕರೇ ಒಪ್ಪಿಕೊಂಡರು: ಹಿಂದೆ ಡೆಂಗಿ ಬಾರದ ಮಕ್ಕಳಿಗೆ ಈ ಲಸಿಕೆಯಿಂದ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚು. ಅಲ್ಲಿ ಲಸಿಕೆ ನಿಂತಿತು. ಮೊದಲು ರಕ್ತ ಪರೀಕ್ಷಿಸಿ, ಹಿಂದೆ ಡೆಂಗಿ ಬಂದವರಿಗಷ್ಟೇ ಆ ಲಸಿಕೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿತು. ಸಂಶೋಧನೆಯ ಪ್ರಭಾವ ಎಂದರೆ ಇದು. ಆ ಎಚ್ಚರಿಕೆಗೆ ಮೊದಲೇ ಕಿವಿಗೊಟ್ಟಿದ್ದರೆ ಎಂಬ ನೋವು ಉಳಿದೇ ಇದೆ.

ಪ್ರಶ್ನೆ: ಮಗನಿಗೆ ಜ್ವರ ಬಂದ ಎರಡನೇ ದಿನ ಡೆಂಗಿಯ ಐಜಿಎಂ ರಕ್ತಪರೀಕ್ಷೆ ನೆಗೆಟಿವ್, ಆರನೇ ದಿನ ಪಾಸಿಟಿವ್. ಮೊದಲ ವರದಿ ತಪ್ಪೇ? ಮೈಕೈ ನೋವಿಗೆ ಸೂಜಿ ಮಾಡಿಸಬಹುದೇ?
– ಗೃಹಿಣಿ, ಗಂಗಾವತಿ

ಉತ್ತರ: ಎರಡೂ ವರದಿ ಸರಿ ಇರಬಹುದು, ತಾಯಿ. ಐಜಿಎಂ ನಮ್ಮ ದೇಹ ತಯಾರಿಸುವ ಪ್ರತಿಕಾಯ; ಅಳತೆಗೆ ಸಿಗುವಷ್ಟು ಆಗಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಎನ್‌ಎಸ್1 ಎಂಬುದು ವೈರಾಣು ತಾನೇ ರಕ್ತಕ್ಕೆ ಬಿಡುವ ಪ್ರೋಟೀನು, ಮೊದಲ ದಿನದಿಂದಲೇ ಸಿಗುತ್ತದೆ. ಆದ್ದರಿಂದ ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ. ಎರಡನ್ನೂ ಪ್ರಯೋಗಾಲಯದ ಎಲೈಸಾ ವಿಧಾನದಲ್ಲೇ ಮಾಡಿಸಿ. ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದ್ದನ್ನು ಸರ್ಕಾರಿ ಲೆಕ್ಕದಲ್ಲಿ ಖಚಿತ ಡೆಂಗಿ ಎನ್ನುವುದಿಲ್ಲ. ರಕ್ತ ಕೊಡುವಾಗ ‘ಜ್ವರ ಶುರುವಾಗಿ ಎಷ್ಟನೇ ದಿನ’ ಎಂದು ಚೀಟಿಯಲ್ಲಿ ಬರೆಸಿ. ಆ ಒಂದು ಸಾಲಿಲ್ಲದೆ ವರದಿ ಓದುವುದೇ ಕಷ್ಟ. ಐಜಿಎಂ ಎರಡು-ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ ಹಳೆಯ ಜ್ವರದ್ದೂ ಆಗಿರಬಹುದು. ಸರ್ಕಾರಿ ಪ್ರಯೋಗಾಲಯಗಳಿಗೆ ಐಜಿಎಂ ಕಿಟ್ ತಯಾರಿಸುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಮೇಲಿನ ವಿದ್ಯಾರ್ಥಿನಿಗೂ ಇದು ಉತ್ತರ: ಈ ಕೆಲಸ ಯಾವ ಎಚ್-ಇಂಡೆಕ್ಸಿಗೂ ಸಿಗುವುದಿಲ್ಲ.

ಸೂಜಿ ಬೇಡವೇ ಬೇಡ. ನೋವಿನ ಸೂಜಿ ಎಂದರೆ ಹೆಚ್ಚಾಗಿ ಡೈಕ್ಲೋಫೆನಾಕ್. ಅದೂ, ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳೂ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿಮಾಡಿ, ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲವು. ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಜೊತೆಗೆ ಓಆರ್‌ಎಸ್, ಗಂಜಿ, ಮಜ್ಜಿಗೆ.

ಜ್ವರ ಇಳಿಯಿತೆಂದು ಮನೆಮಂದಿ ನಿರಾಳವಾಗುವ ಹೊತ್ತೇ ಡೆಂಗಿಯಲ್ಲಿ ಎಚ್ಚರವಾಗಿರಬೇಕಾದ ಹೊತ್ತು. ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಟ್ಟ ನಂತರದ 24–48 ಗಂಟೆಗಳಲ್ಲಿ ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರಿ, ರಕ್ತ ಮಂದವಾಗಬಹುದು. ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ. ವರದಿಯಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಎಂಬ ಸಾಲಿದೆ. ಅದು 40 ಇದ್ದದ್ದು 48ಕ್ಕೆ ಏರಿದರೆ ಶೇ 20ರಷ್ಟು ಏರಿದಂತೆ, ದ್ರವ ಸೋರುತ್ತಿದೆ ಎಂಬುದರ ಸೂಚನೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಕು, ಕೈಕಾಲು ತಣ್ಣಗಾಗುವುದು – ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಳದ ನೀರು ದಿನಾ ಬರುವುದಿಲ್ಲ, ಬ್ಯಾರಲ್ ತುಂಬಿಡಲೇಬೇಕು. ವಾರಕ್ಕೊಮ್ಮೆ ಚೆಲ್ಲುತ್ತೇವೆ, ಆದರೂ ಹುಳ ಏಕೆ?
– ಸಿರುಗುಪ್ಪದ ಓದುಗ

ಉತ್ತರ: ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟದ ತುಸು ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಉಳಿಯುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಸೆಕೆಗೆ ಎಂಟು-ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎನ್ನುವುದು. ಖಾಲಿ ಮಾಡಿದ ಬ್ಯಾರಲನ್ನು ತೆಂಗಿನ ನಾರಿನಿಂದ, ನೀರಿನ ಗೆರೆ ಇರುವಲ್ಲಿ ಸುತ್ತಲೂ ಗಸಗಸ ಉಜ್ಜಿ, ಒಣಗಿಸಿ ತುಂಬಿ. ಮೇಲೆ ಬಟ್ಟೆ ಹೊದಿಸಿದರೆ ಸಾಲದು, ಹಗ್ಗದಿಂದ ಬಿಗಿಯಾಗಿ ಕಟ್ಟಿ. ಜೋತುಬಿದ್ದ ಬಟ್ಟೆ ನೀರಿಗೆ ತಾಗಿದರೆ ಅದರ ಮೇಲೂ ಮೊಟ್ಟೆ ಇಡುತ್ತದೆ.

ಬಳ್ಳಾರಿ, ರಾಯಚೂರು ಕಡೆಯ ಮನೆಗಳಲ್ಲಿ ಜನ ಮರೆಯುವುದು ಕೂಲರ್. ಬೇಸಿಗೆ ಮುಗಿದಾಗ ತಟ್ಟೆಯ ತಳದಲ್ಲಿ ಎರಡು ಬೆರಳು ನೀರು ಬಿಟ್ಟು ಮೂಲೆಗೆ ತಳ್ಳುತ್ತಾರೆ. ತಟ್ಟೆ ಉಜ್ಜಿ ಒಣಗಿಸಿ, ಹಳೆಯ ಹುಲ್ಲಿನ ಪ್ಯಾಡನ್ನು ಬಿಸಾಡಿ ಮುಂದಿನ ವರ್ಷ ಹೊಸದು ಹಾಕಿ. ಫ್ರಿಜ್ಜಿನ ಹಿಂದಿನ ತಟ್ಟೆ, ದನ ಕುಡಿಯುವ ಬಾನಿಗೂ ಇದೇ ಪಾಠ. ಆಶಾ ಕಾರ್ಯಕರ್ತೆ ಬಂದು ಸೊಳ್ಳೆಮರಿ ಕೊಲ್ಲುವ ಅಬೇಟ್ ಔಷಧ ಹಾಕಿದರೆ ಆ ನೀರನ್ನು ಅಂದೇ ಚೆಲ್ಲಬೇಡಿ.