ಕೆರೆಯ ಲೆಕ್ಕ, ಅಡಿಲೇಡಿನ ಕೆಲಸ

ತಂಗಿ, ಅಡಿಲೇಡಿಗೆ ಬಂದು ಎರಡು ತಿಂಗಳಾಯಿತು, ಒಂದು ವ್ಯವಸ್ಥೆ ಮುಂದೆ ಹೇಗೆ ನಡೆದೀತೆಂದು ಲೆಕ್ಕದಲ್ಲಿ ಕಟ್ಟಿ ನೋಡುವ ಸಿಸ್ಟಮ್ ಮಾಡೆಲಿಂಗ್ ಓದುತ್ತಿದ್ದೇನೆ, ರಕ್ಷಣಾ ಯೋಜನೆಯ ಕೆಲಸ ಸಿಗುತ್ತದೆಯೇ, ಸಿಕ್ಕರೂ ಸೇನಾಧಿಕಾರಿಗಳು ನಮ್ಮ ಮಾತು ಕೇಳುತ್ತಾರೆಯೇ ಎಂದು ವಿಚಾರಿಸಿದ್ದೀಯ. ಅದೇ ಕೆಲಸದಲ್ಲಿರುವ ನಾನೀಗ ರಜೆಯ ಮೇಲೆ ತುಮಕೂರಿನಲ್ಲಿದ್ದೇನೆ. ಅಮಾನಿಕೆರೆಯ ಕಡೆ ಹೋಗಿ ಬಂದು ಬರೆಯುತ್ತಿದ್ದೇನೆ.

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸಕ್ಕೆ ಭದ್ರತಾ ಅನುಮತಿ ಬೇಕು, ಅದಕ್ಕೆ ಸಾಮಾನ್ಯವಾಗಿ ಆಸ್ಟ್ರೇಲಿಯಾದ ಪೌರತ್ವವೇ ಬೇಕು. ಪೌರತ್ವಕ್ಕೆ 4 ವರ್ಷಗಳ ಕಾನೂನುಬದ್ಧ ವಾಸ, ಅದರಲ್ಲಿ ಕೊನೆಯ 12 ತಿಂಗಳು ಕಾಯಂ ನಿವಾಸಿಯಾಗಿ. ಭಾರತವು ಎರಡು ಪೌರತ್ವ ಒಪ್ಪುವುದಿಲ್ಲ. ನನ್ನ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಊಟ ಸೇರಲಿಲ್ಲ. ವೀಸಾ ಏಜೆಂಟರು ಇದನ್ನೆಲ್ಲ ಹೇಳುವುದಿಲ್ಲ.

ಅಲ್ಲಿಯವರೆಗೆ ಆಸ್ಪತ್ರೆ, ಗಣಿ, ನೀರು ಸರಬರಾಜು, ಯಾವುದಾದರೂ ಹಿಡಿ. ನಾನು ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಹಾಕುತ್ತಿದ್ದೆ. ವಿದ್ಯೆ ಒಂದೇ. 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಕಟ್ಟಿಕೊಟ್ಟ, ಒಳಹರಿವು, ಸಂಗ್ರಹ, ಹೊರಹರಿವುಗಳ ಲೆಕ್ಕದ ವಿಧಾನವನ್ನು ನಮ್ಮ ಸೀಮೆಯ ನೀರುಗಂಟಿಗೆ ಹೇಳಿದರೆ ನಕ್ಕುಬಿಟ್ಟಾನು. ಪಳಗಿದ ಪೈಲಟ್‌ಗಳ ಸಂಖ್ಯೆ ಕೆರೆಯ ನೀರು. ತರಬೇತಿ ಶಾಲೆ ಹಳ್ಳ, ನಿವೃತ್ತಿ ತೂಬು. ಹೆಲಿಕಾಪ್ಟರ್‌ಗಳನ್ನು ಒಮ್ಮೆಗೇ ಹೆಚ್ಚು ಕೊಂಡರೆ ಅವನ್ನು ಹಾರಿಸಲು ತರಬೇತಿ ಶಾಲೆಯ ಗುರುಗಳನ್ನೇ ಕರೆಸಬೇಕಾಗುತ್ತದೆ. ಆ ವರ್ಷ ಕೆರೆ ತುಂಬಿದಂತೆ ಕಾಣುತ್ತದೆ, ಹಳ್ಳ ಮಾತ್ರ ಬತ್ತತೊಡಗಿರುತ್ತದೆ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ಊರಿನವರೆಲ್ಲ ಎಷ್ಟು ಹೆಲಿಕಾಪ್ಟರ್ ಬರುತ್ತವೆ ಎಂದು ಕೇಳಿದರು. ನನಗೆ ಮಾತ್ರ ಮೆಕ್ಯಾನಿಕ್‌ಗಳು ಎಲ್ಲಿಂದ ಬರುತ್ತಾರೆ, ಬಿಡಿಭಾಗಗಳು ಎಷ್ಟು ದಿನಕ್ಕೆ ಸಿಗುತ್ತವೆ ಎಂಬ ಚಿಂತೆ. ಕಸುಬಿನ ರೋಗ!

ಮಾತು ಕೇಳುತ್ತಾರೆಯೇ? ಎರಡನೆಯ ಮಹಾಯುದ್ಧದಲ್ಲಿ ಭೌತವಿಜ್ಞಾನಿ ಬ್ಲ್ಯಾಕೆಟ್ ಅವರ ತಂಡ ಬ್ರಿಟಿಷ್ ನೌಕಾಪಡೆಗೆ, ಕಾವಲು ಹಡಗುಗಳ ನಡುವೆ ಸಾಗುವ ಸರಕು ಹಡಗುಗಳ ಗುಂಪು ದೊಡ್ಡದಿದ್ದಷ್ಟೂ ನಷ್ಟದ ಪ್ರಮಾಣ ಕಡಿಮೆ ಎಂದು ತೋರಿಸಿತು. ಹೊಲ ಎರಡರಷ್ಟಾದರೆ ಬೇಲಿ ಎರಡರಷ್ಟಾಗುವುದಿಲ್ಲವಲ್ಲ, ಹಾಗೆ. ಸಣ್ಣ ಗುಂಪೇ ಕ್ಷೇಮ ಎಂದು ನಂಬಿದ್ದವರನ್ನು ಒಪ್ಪಿಸಲು ಆ ತಂಡಕ್ಕೂ ಸಮಯ ಹಿಡಿಯಿತು. ನಿನಗೂ ಹಿಡಿಯುತ್ತದೆ. ಮಾಡೆಲ್ ಹೀಗೆ ಹೇಳುತ್ತದೆ ಎಂದು ಮಾತ್ರ ಎಂದಿಗೂ ಶುರುಮಾಡಬೇಡ. ಅವರ ಊಹೆಯನ್ನೇ ಅದರೊಳಗೆ ಹಾಕಿ, ಐದು ವರ್ಷ ಮುಂದಕ್ಕೆ ಓಡಿಸಿ ತೋರಿಸು.

ಇನ್ನು ಬದುಕು. ಚಳಿ ಅಭ್ಯಾಸವಾಗುತ್ತದೆ, ತಟ್ಟೆ ಇಡ್ಲಿಯ ನೆನಪು ಹೋಗುವುದಿಲ್ಲ. ಕಷ್ಟವೆಂದರೆ ಕೆಲಸದ ವಿಷಯ ಮನೆಯಲ್ಲಿ ಹೇಳುವಂತಿಲ್ಲ. ಅಮ್ಮ ಕೇಳಿದಾಗಲೆಲ್ಲ ಲೆಕ್ಕ ಹಾಕುತ್ತೇನೆ ಎನ್ನುತ್ತೇನೆ. ಬೀದಿಯವರಿಗೆಲ್ಲ ಆಕೆ ನನ್ನ ಮಗಳು ಬ್ಯಾಂಕಿನಲ್ಲಿದ್ದಾಳೆ ಎಂದು ಹೇಳಿಟ್ಟಿದ್ದಾಳೆ. ನಿನ್ನೆ ಒಬ್ಬರು ಸಾಲದ ಬಡ್ಡಿ ದರ ವಿಚಾರಿಸಲು ಬಂದಿದ್ದರು.