ಓದುಗರ ಪ್ರಶ್ನೆ: ಪೌಲ ಕರೆದಾಗ ತಿಮೊಥೆಯ ಹೊರಡಬೇಕಿದ್ದದ್ದು ಯಾವಾಗ?

ಪ್ರಶ್ನೆ: ನಮ್ಮ ಇಗರ್ಜಿಯ ಯುವಜನರ ಕೂಟದಲ್ಲಿ ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಓದುತ್ತಿದ್ದೇವೆ. ಕೊನೆಯ ಅಧ್ಯಾಯದಲ್ಲಿ, ರೋಮಿನಲ್ಲಿ ಸೆರೆಯಲ್ಲಿದ್ದ ಪೌಲ ಬೇಗ ಬಾ ಎಂದವನು ಮತ್ತೆ ಚಳಿಗಾಲಕ್ಕೆ ಮೊದಲೇ ಬಾ ಎನ್ನುತ್ತಾನೆ. ಸೆರೆಮನೆಯ ಚಳಿಯೊಂದೇ ಕಾರಣವೇ?
– ಓದುಗರು, ಕಾರವಾರ

ಉತ್ತರ: ಚಳಿಯೂ ಹೌದು. ತ್ರೋವ ಬಂದರಿನಲ್ಲಿ ಕರ್ಪನೆಂಬವನ ಬಳಿ ಬಿಟ್ಟ ಮೇಲಂಗಿ ತರಲು ಹೇಳುವುದು ಅದೇ ಅಧ್ಯಾಯದಲ್ಲಿ (4:13). ಆದರೆ ದೊಡ್ಡ ಕಾರಣ ಸಮುದ್ರ. ಕಾರವಾರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಉಳಿಯುತ್ತವಲ್ಲ, ಮೆಡಿಟರೇನಿಯನ್‌ನಲ್ಲೂ ಅಂಥದೊಂದು ಅವಧಿ ಇತ್ತು. ಇಲ್ಲಿ ಮೀನಿನ ಸಂತಾನಕ್ಕಾಗಿ. ಅಲ್ಲಿ ಬಿರುಗಾಳಿಗೆ ಹೆದರಿ. ಮೋಡ ಕವಿದರೆ ಸೂರ್ಯ, ನಕ್ಷತ್ರ ಕಾಣವು. ದಿಕ್ಸೂಚಿ ಇಲ್ಲದ ಕಾಲದಲ್ಲಿ ದಾರಿ ತಪ್ಪುವುದಕ್ಕೆ ಅಷ್ಟೇ ಸಾಕು. ರೋಮನ್ ಲೇಖಕ ವೆಗೆಟಿಯಸ್ ಪ್ರಕಾರ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿದಂತೆಯೇ. ಸೆಪ್ಟೆಂಬರ್ 14 ದಾಟಿದರೇ ಪ್ರಯಾಣ ಅಪಾಯದ್ದು.

ಈಗ ದಿನಗಳ ಲೆಕ್ಕ ನೋಡಿ. ತಿಮೊಥೆಯ ಇಂದಿನ ಟರ್ಕಿಯ ಎಫೆಸದಲ್ಲಿದ್ದನೆಂದೇ ಸಾಮಾನ್ಯ ಗ್ರಹಿಕೆ. ದಿನಕ್ಕೆ 30 ಕಿ.ಮೀ. ನಡೆದರೆ ತ್ರೋವಕ್ಕೆ ಸುಮಾರು 10 ದಿನ. ಅಲ್ಲಿಂದ ಮಕೆದೋನ್ಯದ ನೆಯಾಪೊಲಿ ಬಂದರಿಗೆ ಹಡಗು: ಗಾಳಿ ಒಲಿದರೆ 2 ದಿನ, ಮುನಿದರೆ 5. ಪೌಲನಿಗೆ ಎರಡೂ ಅನುಭವ ಆಗಿದೆ (ಅಪೊಸ್ತಲರ ಕೃತ್ಯಗಳು 16:11, 20:6). ಆಮೇಲೆ ಎಗ್ನಾತಿಯ ಹೆದ್ದಾರಿಯಲ್ಲಿ ಮಕೆದೋನ್ಯ ದಾಟಿ ಆಡ್ರಿಯಾಟಿಕ್ ದಡ ಸೇರಲು 18–19 ದಿನ; ಇಟಲಿಗೆ ಒಂದೆರಡು ದಿನದ ಕಡಲು; ಅಲ್ಲಿನ ಬ್ರಂಡಿಸಿಯಂ ಬಂದರಿನಿಂದ ಅಪ್ಪಿಯ ಹೆದ್ದಾರಿಯಲ್ಲಿ ರೋಮಿಗೆ ಮತ್ತೆ ಅಷ್ಟೇ ನಡಿಗೆ. ಒಟ್ಟು 50–55 ದಿನ, ಎಲ್ಲೂ ಹಡಗಿಗೆ ಕಾಯದಿದ್ದರೆ.

ಜನ ಮರೆಯುವುದು ಒಂದನ್ನು: ಪತ್ರವೂ ಇಂಥದೇ ದಾರಿಯಲ್ಲಿ ಮೊದಲು ಎಫೆಸಕ್ಕೆ ಹೋಗಬೇಕು. ಆಗಸ್ಟ್ ಮಧ್ಯದಲ್ಲಿ ರೋಮ್ ಬಿಟ್ಟ ಪತ್ರ ಅಕ್ಟೋಬರ್ ಆರಂಭದಲ್ಲಿ ಕೈಸೇರುತ್ತದೆ. ಆ ದಿನವೇ ಹೊರಟವನು ಆಡ್ರಿಯಾಟಿಕ್ ದಡ ಮುಟ್ಟುವಾಗ ನವೆಂಬರ್. ಒಂದು ವಾರ ತಡವಾದರೆ ಮಾರ್ಚ್‌ವರೆಗೆ ಅಲ್ಲೇ. ತನ್ನ ಸಂಗಡಿಗ ತುಖಿಕನನ್ನು ಎಫೆಸಕ್ಕೆ ಕಳಿಸಿದ್ದೇನೆ ಎಂಬ ಮಾತು (4:12) ಸುಮ್ಮನೆ ಬಂದದ್ದಲ್ಲ ಅನಿಸುತ್ತದೆ. ತಿಮೊಥೆಯನ ಜಾಗಕ್ಕೆ ಬದಲಿ ಆಳು ಅವನೇ ಇರಬೇಕು.

ಪ್ರಶ್ನೆ: ತನ್ನ ಇನ್ನೊಬ್ಬ ಸಂಗಡಿಗ ತೀತನಿಗೆ ಸುನ್ನತಿ ಬೇಡವೆಂದು ಹಟ ಹಿಡಿದ ಪೌಲ ತಿಮೊಥೆಯನಿಗೆ ಮಾಡಿಸಿದ್ದು ಎಡಬಿಡಂಗಿತನವಲ್ಲವೇ?
– ಓದುಗರು, ಶಿರಸಿ

ಉತ್ತರ: ಅಲ್ಲ. ತೀತ ಗ್ರೀಕ. ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎನ್ನುವವರ ಎದುರು ಪೌಲ ಬಗ್ಗಲಿಲ್ಲ (ಗಲಾತ್ಯ 2:3–5). ತಿಮೊಥೆಯನ ತಾಯಿ ಯೂನಿಕೆ ಯೆಹೂದ್ಯಳು, ತಂದೆ ಗ್ರೀಕ. ಪೌಲ ಊರೂರಲ್ಲಿ ಮೊದಲು ಹೋಗುತ್ತಿದ್ದದ್ದು ಯೆಹೂದ್ಯರ ಸಭಾಮಂದಿರಕ್ಕೆ. ಸುನ್ನತಿಯಾಗದ ಯೆಹೂದ್ಯಳ ಮಗನನ್ನು ಕರೆದೊಯ್ದರೆ ಉಪದೇಶಕ್ಕಿಂತ ಮೊದಲು ಜಗಳ ಆಗುತ್ತಿತ್ತು.

ಪ್ರಶ್ನೆ: ‘ನಿನ್ನ ಯೌವನವನ್ನು ಯಾರೂ ಕಡೆಗಣಿಸದಿರಲಿ’ ಎಂದು ಪೌಲ ಮೊದಲ ಪತ್ರದಲ್ಲಿ ಬರೆಯುವಾಗ ತಿಮೊಥೆಯನಿಗೆ ಎಷ್ಟು ವಯಸ್ಸು?
– ಓದುಗರು, ಹೊನ್ನಾವರ

ಉತ್ತರ: ಮೂವತ್ತು ದಾಟಿರಬೇಕು. ಲುಸ್ತ್ರದಲ್ಲಿ ಪೌಲ ಅವನನ್ನು ಜೊತೆಗೆ ಸೇರಿಸಿಕೊಂಡದ್ದು ಕ್ರಿ.ಶ. 49–50ರ ಸುಮಾರಿಗೆ, ಪರಂಪರೆಯಂತೆ ಮೊದಲ ಪತ್ರದ ಕಾಲ 62–65. (ಈ ಪತ್ರಗಳು ಪೌಲನವೇ ಎಂಬುದನ್ನು ಇಂದಿನ ಅನೇಕ ವಿದ್ವಾಂಸರು ಒಪ್ಪುವುದಿಲ್ಲ, ಒಪ್ಪದಿದ್ದರೆ ಈ ಲೆಕ್ಕ ನಿಲ್ಲದು.) ಅಷ್ಟರಲ್ಲಿ ಥೆಸಲೊನೀಕ, ಕೊರಿಂಥಗಳ ಕಠಿಣ ಕೆಲಸ ಅವನ ಪಾಲಿಗೆ ಬಂದಾಗಿತ್ತು, ಪೌಲನ ಹೆಸರಿನ ಆರು ಪತ್ರಗಳ ಮೊದಲ ಸಾಲಿನಲ್ಲಿ ಅವನ ಹೆಸರೂ ಇದೆ. ಅಂಜುಬುರುಕ ಹುಡುಗನೆಂಬ ಚಿತ್ರ ಬಿಡಿ. ತೊಡಕಿದ್ದದ್ದು ತನಗಿಂತ ಹಿರಿಯರನ್ನು ನಡೆಸುವುದರಲ್ಲಿ. ಅದಕ್ಕೆ ಆ ಮೊದಲ ಪತ್ರದ ಐದನೆಯ ಅಧ್ಯಾಯ ಓದಿ: ಮುದುಕರನ್ನು ಗದರಿಸದೆ ತಂದೆಯಂತೆ ಕಂಡು ಬುದ್ಧಿ ಹೇಳು, ಸಭೆಯ ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿ ಬೇಕು, ಅವಸರದಲ್ಲಿ ಯಾರ ತಲೆಯ ಮೇಲೂ ಹಸ್ತವಿಡಬೇಡ (ಅಂದರೆ ಯಾರನ್ನೂ ಸಭೆಯ ಹೊಣೆಗೆ ನೇಮಿಸಬೇಡ). ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂಬ ಸಲಹೆ ಬರುವುದೂ ಇವುಗಳ ನಡುವೆಯೇ.